ಕೊರಡಿಗೊಂದು ಚೀಟಿ

ನಮ್ಮ ಮನೆಗೆ ಸೌದೆ ತರುವ ಕೆಲಸ ನನ್ನ ಪಾಲಿಗೆ ಬಂದದ್ದು ಅಣ್ಣನು ಉದ್ಯೋಗನಿಮಿತ್ತ ಭದ್ರಾವತಿಗೆ ಹೊರಟುಹೋದ ಮೇಲೆ, ಎಂದರೆ 1961ನೆಯ ಇಸವಿಯ ಬೇಸಗೆಯಲ್ಲಿ. ಶೇಷಾದ್ರಿಪುರದ ಮುಖ್ಯರಸ್ತೆಯಿಂದ ರೈಲು ಹಳಿಯ ಕಡೆಗೆ ಇಳಿಯುವ ಅಡ್ಡರಸ್ತೆಯೊಂದರಲ್ಲಿ ನಮ್ಮ ಬಾಡಿಗೆಯ ಮನೆ. ಅಲ್ಲಿಂದ ಇನ್ನೂರು ಹೆಜ್ಜೆ ನಡೆದರೆ ಸೌದೆ ಡಿಪೋ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಹೊತ್ತು 1892ರಲ್ಲಿ ಹುಟ್ಟಿದ ಈ ಬಡಾವಣೆ, ಪ್ಲೇಗಿನ ಹಾವಳಿಯ ದೆಸೆಯಿಂದ 1898ರಲ್ಲಿ ಎದ್ದ ಮಲ್ಲೇಶ್ವರ, ಬಸವನಗುಡಿಗಳಿಗಿಂತ ವಯಸ್ಸಿನಲ್ಲಿ ಹಿರಿದಾದರೂ, ಅವುಗಳ ಠೀವಿಯನ್ನಾಗಲಿ ದೇವಸ್ಥಾನಗಳ ವೈಭವವನ್ನಾಗಲಿ ಪಡೆದುಬಂದುದಲ್ಲ. ಒಂದು ಮಗ್ಗುಲಿಗೆ ರೈಲಿನ ಸದ್ದು, ಅದರಾಚೆಗೆ ರಾಜಾ ಮಿಲ್ಲಿನ ಕೂಗು, ಈಚೆಗೆ ಗುಮಾಸ್ತರು, ಮೇಷ್ಟರು, ವಕೀಲರು, ಅವರ ಮನೆಗಳ ಮುಂದೆ ಒಂದೊಂದು ಮರ, ಇಷ್ಟೇ ಅದರ ಐಶ್ವರ್ಯ. ಆ ಮರಗಳ ವಿಷಯವನ್ನು ಮುಂದೆ ಹೇಳಬೇಕಾಗಿದೆ, ಮೊದಲು ಸೌದೆ.

ಡಿಪೋ ಎಂದರೆ ತಗಡಿನದೊಂದು ಚಪ್ಪರ, ಮುಕ್ಕಾಲಿಗೆ ತೂಗುಬಿಟ್ಟ ದೊಡ್ಡ ತಕ್ಕಡಿ, ಅದರ ಹಿಂದೆ ಆಳೆತ್ತರಕ್ಕೆ ಪೇರಿಸಿದ ಸರ್ವೆ, ಹೊಂಗೆ, ಹುಣಿಸೆ, ಮಾವುಗಳ ತುಂಡು. ಮಣದ ಲೆಕ್ಕ ಹೋಗಿ ಕಿಲೋಗ್ರಾಮಿನ ಲೆಕ್ಕ ಬರುತ್ತಿದ್ದ ಕಾಲವಾದ್ದರಿಂದ ತೂಕದ ವಿಷಯದಲ್ಲಿ ಪ್ರತಿದಿನವೂ ಒಂದು ವ್ಯಾಜ್ಯ ನಡೆಯುತ್ತಿದ್ದಿತು. ಮಾಲೀಕನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಆ ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದನು; ಆದರೆ ಡಿಪೋದ ನಿಜವಾದ ವಿದ್ವಾಂಸನೆಂದರೆ ಸೌದೆ ಸೀಳುವ ಮುದುಕ. ತೊಗಟೆ ಸುಲಿದು, ಎಲೆ ಉದುರಿ, ಕುಲಗೋತ್ರಗಳ ಗುರುತೆಲ್ಲ ಅಳಿಸಿಹೋದ ತುಂಡನ್ನು ಕೂಡ ಕೊಡಲಿಯ ಮೊದಲನೆಯ ಏಟಿನ ಸದ್ದಿನಿಂದ, ಎರಡನೆಯ ಏಟಿಗೆ ಎದ್ದ ವಾಸನೆಯಿಂದ, ಇಂಥ ಮರವೆಂದು ಅವನು ಹೇಳಬಲ್ಲವನಾಗಿದ್ದನು. ಮರದ ಕೊಳೆತಕ್ಕೆ ಅವನಲ್ಲಿ ಎರಡು ಮಾತುಗಳಿದ್ದವು. ಬೆಳ್ಳಗಾಗಿ, ನಾರುನಾರಾಗಿ, ಹಿಸುಕಿದರೆ ನೆನೆದ ಹತ್ತಿಯ ಹಾಗೆ ಅಮುಕಿಕೊಳ್ಳುವುದು 'ಕುಂಬು'. ಕಂದು ಬಣ್ಣಕ್ಕೆ ತಿರುಗಿ, ಚೌಕಚೌಕವಾಗಿ ಬಿರಿದು, ಬೆರಳ ಸಂದಿನಲ್ಲಿ ನಶ್ಯದಂತೆ ಪುಡಿಯಾಗುವುದು 'ಲಡ್ಡು'. ಮಿಕ್ಕವರು ಈ ಎರಡನ್ನೂ ಒಂದೇ ಅರ್ಥದಲ್ಲಿ ಆಡುವುದುಂಟು. ಅವನು ಎಂದೂ ಬೆರಸುತ್ತಿರಲಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮರವೆಂಬುದು ಸೆಲ್ಯುಲೋಸ್ ಎಂಬ ಎಳೆ ಮತ್ತು ಲಿಗ್ನಿನ್ ಎಂಬ ಗಾರೆ ಇವೆರಡರಿಂದ ಆದ ಗೋಡೆ. ಎಳೆಯನ್ನಷ್ಟೇ ತಿಂದು ಗಾರೆಯನ್ನು ಬಿಟ್ಟುಹೋಗುವ ಶಿಲೀಂಧ್ರಗಳಿಂದ ಕಂದು ಕೊಳೆಯೂ, ಗಾರೆಯನ್ನೂ ಕರಗಿಸಬಲ್ಲ ಶಿಲೀಂಧ್ರಗಳಿಂದ ಬಿಳಿ ಕೊಳೆಯೂ ಉಂಟಾಗುವುವೆಂದು ನಾನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಓದಿದಾಗ ನನಗೆ ಹೊಸದೆನಿಸಿದ್ದು ಕಾರಣವೇ ಹೊರತು ವಿಭಾಗವಲ್ಲ.

ಆ ವರ್ಷ ಹುಬ್ಬೆಯ ಮಳೆ ಹಿಡಿದು ಬಿಟ್ಟ ಒಂದು ಬೆಳಗ್ಗೆ ಸೌದೆಗೆಂದು ಹೋದವನು ಮುದುಕನು ಪಕ್ಕಕ್ಕೆ ಎಸೆದಿದ್ದ ತುಂಡೊಂದನ್ನು ಕಂಡು ನಿಂತೆನು. ಅದರ ಮೈಮೇಲೆ ಅರ್ಧಚಂದ್ರಾಕಾರದ ಐದಾರು ಬಿಲ್ಲೆಗಳು ಒಂದರ ಮೇಲೊಂದು ಮೆಟ್ಟಲಿನಂತೆ ಅಂಟಿಕೊಂಡಿದ್ದವು. ಬಣ್ಣ ಅಚ್ಚ ಕನಕಾಂಬರ. ಬೂದಿಬಣ್ಣದ ಆ ಸೌದೆಯ ರಾಶಿಯ ನಡುವೆ ಯಾರೋ ಮುಡಿಯಿಂದ ಜಾರಿಸಿ ಹೋದ ಹೂವಿನಂತೆ ಅದು ಕಾಣುತ್ತಿತ್ತು. ಮುಟ್ಟಿದರೆ ಅಣಬೆಯ ಮೆತುವಿಲ್ಲ, ಚರ್ಮದ ಬಿರುಸು. ತಿರುವಿ ನೋಡಿದರೆ ಕೆಳಮೈಯಲ್ಲಿ ಸೂಜಿಯ ಮೊನೆಯಿಂದ ಚುಚ್ಚಿದಂತೆ ಸಾವಿರಾರು ರಂಧ್ರ. "ಎತ್ಕೊಂಡ್ಹೋಗಿ ಸ್ವಾಮಿ, ಕುಂಬು ಹಿಡಿದೈತೆ, ಒಲೆಗೆ ಬರಾಕಿಲ್ಲ" ಎಂದನು ಮುದುಕ. ತಕ್ಕಡಿಗೆ ಹಾಕದೆ ನನಗೆ ಆ ಡಿಪೋದಿಂದ ದಕ್ಕಿದ ಮೊದಲನೆಯ ಸರಕು ಅದು. ಮನೆಯಲ್ಲಿ ತಾಯಿಯವರು ಮೇಜಿನ ಮೇಲಿದ್ದ ತುಂಡನ್ನು ನೋಡಿ, "ಕೊಳೆತದ್ದನ್ನ ತಿಪ್ಪೆಗೆ ಹಾಕ್ತಾರೆ, ಇಲ್ಲ ಒಲೆಗೆ ಹಾಕ್ತಾರೆ. ಪುಸ್ತಕದ ಪಕ್ಕ ಇಡೋದು ಯಾವ ಶಾಸ್ತ್ರ?" ಎಂದರು. ಶಾಸ್ತ್ರ ಯಾವುದೆಂದು ನನಗೂ ತಿಳಿದಿರಲಿಲ್ಲ.

ಬಿ.ಎಸ್‌ಸಿ. ತರಗತಿಯಲ್ಲಿ ನಮಗೆ ಸಸ್ಯಶಾಸ್ತ್ರವನ್ನು ಬೋಧಿಸುತ್ತಿದ್ದ ಅಧ್ಯಾಪಕರಿಗೆ ಮರುದಿನ ಅದನ್ನು ಒಯ್ದು ತೋರಿಸಿದೆನು. ಅವರು ಮಸೂರವನ್ನು ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೆಸರನ್ನು ಹೇಳುವರೆಂದು ಕಾದಿದ್ದ ನನಗೆ ಅವರು ಕೇಳಿದ್ದು, "ಯಾವ ಮರದ್ದಪ್ಪ?"

"ಸೌದೆಯದು, ಸಾರ್."

"ಸೌದೆ ಯಾವ ಮರದ್ದು? ಮರ ಎಲ್ಲಿ ನಿಂತಿತ್ತು? ಬದುಕಿದ್ದಾಗ ಹಿಡಿದದ್ದೋ, ಕಡಿದ ಮೇಲೆ ಹಿಡಿದದ್ದೋ?"

ನಾನು ಸುಮ್ಮನಿದ್ದೆನು. ಅವರು ತುಂಡನ್ನು ನನ್ನ ಕೈಗೆ ಹಿಂದಿರುಗಿಸಿ ನಕ್ಕರು: "ಹಾಗಾದರೆ ಇದು ಇನ್ನೂ ಸೌದೆಯೇ." ಅಷ್ಟು ಹೇಳಿ ಸುಮ್ಮನಾಗಿದ್ದರೆ ನಾನು ಪ್ರಾಣಿಶಾಸ್ತ್ರಕ್ಕೆ ಹೋಗುತ್ತಿದ್ದೆನೋ ಏನೋ. ಅವರು ತಮ್ಮ ಮೇಜಿನ ಖಾನೆಯಿಂದ ಒಂದು ಕಟ್ಟು ಬಿಳಿಯ ಚೀಟಿಗಳನ್ನೂ ಹತ್ತರಷ್ಟು ಹಿಗ್ಗಿಸುವ ಒಂದು ಹಳೆಯ ಕೈಮಸೂರವನ್ನೂ ತೆಗೆದುಕೊಟ್ಟರು. ಅವೆರಡನ್ನೂ ನಾನು ಹಿಂದಿರುಗಿಸಲಿಲ್ಲ. ಅವರು ಕೇಳಲೂ ಇಲ್ಲ.

ಆ ಚೀಟಿಗಳು ಹರ್ಬೇರಿಯಂನ ಚೀಟಿಗಳು. ಹರ್ಬೇರಿಯಂ ಎಂದರೆ ಒಣಗಿಸಿದ ಸಸ್ಯಗಳ ಭಂಡಾರ. ಹೂಬಿಡುವ ಗಿಡವನ್ನು ಕಾಗದಗಳ ನಡುವೆ ಒತ್ತಿ ಹಾಳೆಗೆ ಹೊಲಿಯಬಹುದು. ಮರವನ್ನು ಕೊಳೆಯಿಸುವ ಈ ಬಿರುಸು ಶಿಲೀಂಧ್ರಗಳನ್ನು ಒತ್ತುವಂತಿಲ್ಲ, ಒತ್ತಿದರೆ ಆಕಾರ ಕೆಡುತ್ತದೆ. ಅವನ್ನು ತಾವಿದ್ದಂತೆಯೇ ಒಣಗಿಸಿ, ದಪ್ಪ ಕಾಗದವನ್ನು ಪ್ರಸಾದದ ಪೊಟ್ಟಣದಂತೆ ಮಡಿಸಿ ಅದರೊಳಗೆ ಇಡಬೇಕು. ಆದರೆ ಒಣಗಿದ ಶಿಲೀಂಧ್ರವು ತನ್ನ ವಿಷಯವಾಗಿ ಅರ್ಧ ಮಾತ್ರ ಹೇಳುತ್ತದೆ. ಹಸಿಯಾಗಿದ್ದಾಗಿನ ಬಣ್ಣ, ವಾಸನೆ, ಅಂಚಿನ ತೇವ, ಇದ್ದ ಮರ, ಮರದಲ್ಲಿ ಇದ್ದ ಸ್ಥಾನ, ನೆಲದಿಂದ ಎತ್ತರ, ಒಳಗಿನ ಕೊಳೆ ಬಿಳಿಯದೋ ಕಂದೋ, ಅದು ಚೇಗಿಗೆ ತಗುಲಿದೆಯೋ ಹೊರಗಿನ ಎಳೆಮರಕ್ಕೆ ಮಾತ್ರವೋ, ಇವನ್ನೆಲ್ಲ ನಿಂತ ಜಾಗದಲ್ಲಿಯೇ, ಕೀಳುವುದಕ್ಕೆ ಮುಂಚೆಯೇ ಬರೆದುಕೊಳ್ಳಬೇಕು. ಮನೆಗೆ ಹೋಗಿ ಬರೆದರಾಯಿತೆಂದವನು ನೆನಪಿನಿಂದ ಬರೆಯುವುದಿಲ್ಲ, ಊಹೆಯಿಂದ ಬರೆಯುತ್ತಾನೆ. ಇದು ಮೇಷ್ಟರ ಮೊದಲನೆಯ ಕಟ್ಟಳೆ. ಎರಡನೆಯದು, ಚೀಟಿಯನ್ನು ಪೆನ್ಸಿಲಿನಲ್ಲಿಯೇ ಬರೆಯಬೇಕೆಂಬುದು. ಮೊದಲನೆಯದನ್ನು ನಾನು ಚಾಚೂ ತಪ್ಪದೆ ಪಾಲಿಸಿದೆನು. ಎರಡನೆಯದನ್ನು, ಸೋದರಮಾವ ಕೊಟ್ಟ ಹೊಸ ಫೌಂಟನ್ ಪೆನ್ನಿನ ವ್ಯಾಮೋಹದಿಂದ, ಪಾಲಿಸಲಿಲ್ಲ. ಮೊದಲ ಎರಡು ವರ್ಷಗಳ ಚೀಟಿಗಳೆಲ್ಲ ನೀಲಿಯ ಶಾಯಿಯಲ್ಲಿ, ಮುತ್ತು ಪೋಣಿಸಿದಂತಹ ಅಕ್ಷರಗಳಲ್ಲಿ ಇದ್ದವು.

ಒಣಗಿಸುವ ವಿಷಯದಲ್ಲಿ ಬಚ್ಚಲುಮನೆಯ ಹಂಡೆಯ ಒಲೆ ನನಗೆ ಪರಮೋಪಕಾರಿಯಾಯಿತು. ಬೆಂಗಳೂರಿನ ಮಳೆಗಾಲದಲ್ಲಿ ಬಿಸಿಲನ್ನು ನಂಬುವಂತಿಲ್ಲ; ಮನೆಮಂದಿಯ ಸ್ನಾನವೆಲ್ಲ ಮುಗಿದ ಮೇಲೆ ಒಲೆಯ ಮೇಲ್ಗಡೆ ತಂತಿಯ ಜರಡಿಯೊಂದನ್ನು ಕಟ್ಟಿ ಮಾದರಿಗಳನ್ನು ಹರಡಿದರೆ, ಸುಡದೆ ಬೇಯದೆ, ಹೊಗೆಯ ಸೋಂಕಿಲ್ಲದ ಹದವಾದ ಕಾವಿನಲ್ಲಿ, ಎರಡು ದಿನಕ್ಕೆ ಕಟುಕಟುವೆಂದು ಒಣಗುತ್ತಿದ್ದವು. ತಾಯಿಯವರು ಇದಕ್ಕೆ ಒಪ್ಪಿದ್ದು, ಬಚ್ಚಲು ಹೇಗೂ ಮೈಲಿಗೆಯ ಸ್ಥಳ ಎಂಬ ಒಂದೇ ಕಾರಣಕ್ಕೆ. ಬೀಜಕಗಳನ್ನು, ಎಂದರೆ ಶಿಲೀಂಧ್ರದ ಬೀಜದಂತಹ ಪುಡಿಯನ್ನು, ಪಡೆಯುವುದಕ್ಕೆ ಹಸಿಯ ಬಿಲ್ಲೆಯನ್ನು ರಂಧ್ರದ ಮೈ ಕೆಳಗಾಗುವಂತೆ ಕಾಗದದ ಮೇಲಿಟ್ಟು, ಲೋಟ ಮುಚ್ಚಿ, ರಾತ್ರಿ ಬಿಡುವುದು ಪದ್ಧತಿ. ಬೆಳಗ್ಗೆ ಲೋಟವನ್ನೆತ್ತಿದರೆ ಕಾಗದದ ಮೇಲೆ ಒಂದೊಂದು ರಂಧ್ರಕ್ಕೆ ಒಂದೊಂದು ಚುಕ್ಕೆಯಂತೆ ಪುಡಿ ಉದುರಿ, ಅಂಗಳದಲ್ಲಿ ತಾಯಿಯವರು ಗೆರೆ ಎಳೆಯದೆ ಬಿಟ್ಟ ರಂಗೋಲಿಯಂತೆ ಇರುತ್ತಿತ್ತು. ಗ್ಯಾನೋಡರ್ಮ ಎಂಬ ಜಾತಿಯದಾದರೆ ಈ ಪುಡಿ ಕಾಫಿಪುಡಿಯ ಬಣ್ಣ. ಕೆನಡಾದಲ್ಲಿದ್ದ ಬುಲ್ಲರ್ ಎಂಬ ವಿದ್ವಾಂಸರು ಆ ಜಾತಿಯ ದೊಡ್ಡದೊಂದು ಬಿಲ್ಲೆಯಿಂದ ದಿನಕ್ಕೆ ಸುಮಾರು 3,000 ಕೋಟಿ ಬೀಜಕಗಳು ಉದುರುವುವೆಂದೂ ಹೀಗೆ ತಿಂಗಳುಗಟ್ಟಲೆ ಉದುರುತ್ತಲೇ ಇರುವುವೆಂದೂ ಲೆಕ್ಕಹಾಕಿದ್ದಾರೆ. ಇಷ್ಟು ಕೋಟಿಯಲ್ಲಿ ಇನ್ನೊಂದು ಮರದ ಗಾಯವನ್ನು ಸೇರಿ ಬದುಕುವುದು ಎಲ್ಲಿಯೋ ಒಂದು. ಹೀಗಿಲ್ಲದಿದ್ದರೆ ಭೂಮಿಯ ಮೇಲೆ ಬಾಗಿಲು ಮಾಡಿಸಲು ಹಲಗೆ ಸಿಕ್ಕುತ್ತಿರಲಿಲ್ಲ.

ಎಲ್ಲಕ್ಕಿಂತ ನನ್ನನ್ನು ಮರುಳುಗೊಳಿಸಿದ್ದು ಡಿಪೋದ ಮಾವಿನ ತುಂಡುಗಳ ಮೇಲೆ ವರ್ಷವಿಡೀ ಇರುತ್ತಿದ್ದ, ಯಾರೂ ಎರಡನೆಯ ಸಲ ನೋಡದ, ಬೂದುಬಿಳುಪಿನ ರೋಮವುಳ್ಳ ಹೆಬ್ಬೆರಳುಗುರಿನಷ್ಟು ಬೀಸಣಿಗೆಯೊಂದು. ಶೈಜೋಫಿಲಮ್ ಎಂದು ಅದರ ಹೆಸರು. ಅದರ ಕೆಳಗಣ ಒಂದೊಂದು ಪದರವೂ ಉದ್ದುದ್ದವಾಗಿ ಎರಡು ಸೀಳಾಗಿರುತ್ತದೆ. ಗಾಳಿ ಒಣಗಿದಾಗ ಸೀಳುಗಳೆರಡೂ ಹೊರಳಿ ಮುಚ್ಚಿಕೊಂಡು ಒಳಗಿನ ಬೀಜಕದ ಮೈಯನ್ನು ಕಾಪಾಡುತ್ತವೆ. ತೇವ ಬಂದೊಡನೆ ಬಿಚ್ಚಿಕೊಳ್ಳುತ್ತವೆ. ಪೊಟ್ಟಣದೊಳಗೆ ಎರಡು ವರ್ಷ ಒಣಗಿಕೊಂಡಿದ್ದ ಒಂದನ್ನು, ಒಂದು ರಾತ್ರಿ ಒದ್ದೆಬಟ್ಟೆಯ ಮೇಲಿಟ್ಟು, ಲಾಟೀನಿನ ಬೆಳಕಿನಲ್ಲಿ ಮಸೂರ ಹಿಡಿದು ಕುಳಿತೆನು. ಮೊದಲು ರೋಮಗಳು ಅಂಟಿಕೊಂಡು ಬಿಳುಪು ಹೋಗಿ ಕಂದಾಯಿತು. ಆಮೇಲೆ ಸೀಳುಗಳು, ನಿದ್ದೆಯಲ್ಲಿರುವ ಮಗು ಬೆರಳು ಬಿಚ್ಚುವಷ್ಟು ನಿಧಾನವಾಗಿ, ಒಂದರ ಹಿಂದೆ ಒಂದು ಬಿಚ್ಚಿಕೊಂಡವು. ಅಂದು ನಾನು ಮಲಗಿದ್ದು ಎರಡು ಗಂಟೆಯ ಮೇಲೆ. ಮರುದಿನ ಪರೀಕ್ಷೆಯಿತ್ತೆಂಬುದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ, ಅಂಕಗಳನ್ನಂತೂ ಹೇಳುವುದಿಲ್ಲ.

ಹೆಸರುಗಳ ಗೋಜು ಬೇರೆಯೇ ಒಂದು ಪುರಾಣ. ನನ್ನ ಕನಕಾಂಬರದ ಬಿಲ್ಲೆಗೆ ಲಿನೇಯಸ್ ಮಹಾಶಯನು 1763ರಲ್ಲಿ 'ಬೊಲೀಟಸ್' ಎಂದು ನಾಮಕರಣ ಮಾಡಿದನು. ಬಳಿಕ ಬಂದವರು ಅದನ್ನು 'ಪಾಲಿಸ್ಟಿಕ್ಟಸ್' ಎಂದರು, 'ಟ್ರಮೀಟಿಸ್' ಎಂದರು, 'ಪಿಕ್ನೋಪೋರಸ್' ಎಂದರು. 'ಸಾಂಗ್ವಿನಿಯಸ್', ಎಂದರೆ ರಕ್ತವರ್ಣದ್ದು, ಎಂಬ ಎರಡನೆಯ ಪದ ಮಾತ್ರ, ಅತ್ತೆಮನೆ ಬದಲಾದರೂ ತವರಿನ ಹೆಸರನ್ನು ಬಿಡದ ಸೊಸೆಯಂತೆ, ಹಾಗೆಯೇ ಉಳಿಯಿತು. ನಮ್ಮ ದೇಶದಲ್ಲಿ ಈ ಕುಲದ ಶಿಲೀಂಧ್ರಗಳನ್ನು ಜನ್ಮವೆಲ್ಲ ವ್ಯಾಸಂಗ ಮಾಡಿದವರು ಕಲ್ಕತ್ತೆಯ ಸಹಾಯರಾಮ ಬೋಸರು. ಶಿಲೀಂಧ್ರಶಾಸ್ತ್ರಜ್ಞ ಬಟ್ಲರ್ ಸಾಹೇಬರ ಕಾಲದಲ್ಲಿ, 1905ರಲ್ಲಿ, ಬಿಹಾರದ ಪೂಸಾದಲ್ಲಿ ಆರಂಭವಾದ ಶಿಲೀಂಧ್ರಭಂಡಾರವು 1934ರ ಭೂಕಂಪದ ತರುವಾಯ ದೆಹಲಿಗೆ ಬಂದಿತು. ಡೆಹರಾಡೂನಿನ ಅರಣ್ಯ ಸಂಶೋಧನಾಲಯದ ಬಕ್ಷಿಯವರು ಮರ ಮತ್ತು ಮೋಪುಗಳ ಮೇಲಿನ ಭಾರತೀಯ ಪಾಲಿಪೋರುಗಳನ್ನು, ಎಂದರೆ ಈ ರಂಧ್ರಮೈಯ ಶಿಲೀಂಧ್ರಗಳನ್ನು, ಕುರಿತು ಗ್ರಂಥ ಪ್ರಕಟಿಸಿದ್ದು 1971ರಲ್ಲಿ. ಅದು ಹತ್ತು ವರ್ಷ ಮುಂಚೆ ಬಂದಿದ್ದರೆ ನನ್ನ ಎಷ್ಟೋ ಪೊಟ್ಟಣಗಳ ಮೇಲೆ ಪ್ರಶ್ನಾರ್ಥಕ ಚಿಹ್ನೆ ಇರುತ್ತಿರಲಿಲ್ಲ. ಮೈಸೂರು ಸೀಮೆಯವರೇ ಆದ ಎಂ.ಜೆ. ತಿರುಮಲಾಚಾರ್ಯರು ಶಿಲೀಂಧ್ರಶಾಸ್ತ್ರದಲ್ಲಿ ಜಗದ್ವಿಖ್ಯಾತರಾದರು. ಆದರೆ ಅವರ ಒಲವು ಎಲೆಗಳಿಗೆ ಹಿಡಿಯುವ ತುಕ್ಕು, ಕಾಡಿಗೆಗಳ ಕಡೆಗೆ, ಆಮೇಲೆ ಪಿಂಪ್ರಿಯಲ್ಲಿ ಔಷಧಗಳ ಕಡೆಗೆ. ಸೌದೆಯ ಕಡೆಗೆ ನೋಡುವವರು ಕಡಮೆ.

ಕನ್ನಡದಲ್ಲಿ ಇವಕ್ಕೆ ಹೆಸರಿಲ್ಲವೆನ್ನುವುದು ತಪ್ಪು. ಅಡಕೆಯ ತೋಟದವರು ಬುಡದಲ್ಲಿ ಗ್ಯಾನೋಡರ್ಮ ಮೂಡಿ ಮರ ಸೊರಗಿ ಸಾಯುವುದನ್ನು 'ಅಣಬೆ ರೋಗ'ವೆಂದು ತಮ್ಮಷ್ಟಕ್ಕೆ ತಾವೇ ಗುರುತಿಸಿದ್ದರು. ಅವರ 'ಕೊಳೆರೋಗ'ವೆಂಬ ಮಾತಂತೂ, ಮೈಸೂರಿನ ಕೃಷಿ ಇಲಾಖೆಗೆ ಕೆನಡಾದಿಂದ ಬಂದ ಕೋಲ್ಮನ್ ಸಾಹೇಬರು ಅದನ್ನು ಹಾಗೆಯೇ ಎತ್ತಿಕೊಂಡು ಬರೆದುದರಿಂದ, ಇಂಗ್ಲಿಷಿನ ಗ್ರಂಥಗಳಲ್ಲಿ ಸೇರಿಹೋಗಿದೆ. ಕೊಂಕಣ ಸೀಮೆಯಲ್ಲಿ ಹಲಸಿನ ಮರದ ಮೇಲಣ ಕಟ್ಟಿಗೆಯಂತಹ ಅಣಬೆಯನ್ನು 'ಫಣಸೋಂಬೆ' ಎಂದು ಕರೆದು, ತೇಯ್ದು, ಎಳೆಮಕ್ಕಳ ಬಾಯಿಯ ಬೇನೆಗೆ ಹಚ್ಚುವರು. 'ಶಿಲೀಂಧ್ರ'ವೆಂಬುದೋ ಕಾಳಿದಾಸನಷ್ಟು ಹಳೆಯದು. ಮೇಘದೂತದಲ್ಲಿ ಗುಡುಗಿನ ಸದ್ದಿಗೆ ನೆಲದಿಂದ ತಲೆಯೆತ್ತುವುದು ಅದೇ. ವ್ಯಾಖ್ಯಾನಕಾರ ಮಲ್ಲಿನಾಥನು ಅದನ್ನು ಕಂದಲಿಯೆಂಬ ಗಿಡವೆಂದು ಅರ್ಥೈಸಿದನು. ಬೆಂಗಳೂರಿನ ಮೊದಲ ಮಳೆಯ ಮರುದಿನ ಹೊರಗೆ ಹೋಗಿ ನೋಡಿದವನಿಗೆ ಆ ವಿಷಯದಲ್ಲಿ ಮಲ್ಲಿನಾಥನೊಡನೆ ಜಗಳವಾಡಬೇಕೆನಿಸುತ್ತದೆ. ಹೂಬಿಡುವ ಗಿಡಗಳ ಬೇಟೆಗೆ ನಮ್ಮಲ್ಲಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಉಂಟು. ಕೊರಡಿನ ಕಡೆಗೆ ಅಂತಹ ಲೇಖನಿ ತಿರುಗಲಿಲ್ಲವೆಂಬುದು ನನ್ನ ಖಾಸಗಿ ಕೊರಗು.

ಸಂದೇಹ ಬಂದಾಗ ನಾನು ನಡೆದುಹೋಗುತ್ತಿದ್ದುದು ಮಲ್ಲೇಶ್ವರದ ಹದಿನೆಂಟನೆಯ ಅಡ್ಡರಸ್ತೆಯ ಅರಣ್ಯ ಸಂಶೋಧನಾಲಯಕ್ಕೆ. ರೈಲು ಹಳಿ ದಾಟಿ, ಸಂಪಿಗೆ ರಸ್ತೆಯನ್ನು ಹಿಡಿದು, ಒಂದೊಂದೇ ಅಡ್ಡರಸ್ತೆಯನ್ನು ಎಣಿಸುತ್ತ ಸ್ಯಾಂಕಿ ಕೆರೆಯ ಗಾಳಿ ಮುಖಕ್ಕೆ ತಗಲುವವರೆಗೆ ನಡೆದರೆ ಅದು ಸಿಕ್ಕುತ್ತಿತ್ತು. 1938ರಲ್ಲಿ ಮೈಸೂರು ಸಂಸ್ಥಾನದವರು ಕಟ್ಟಿದ ಸಂಸ್ಥೆ. 1988ರಿಂದ ಈಚೆಗೆ ಅದೇ ಮರವಿಜ್ಞಾನದ ರಾಷ್ಟ್ರೀಯ ಸಂಸ್ಥೆಯಾಗಿದೆ. ಅಲ್ಲಿ ಹಿರಿಯರೊಬ್ಬರು, ಯಾರೆಂದು ಕೇಳದೆ ಬಂದವನನ್ನು ಕೂರಿಸಿಕೊಂಡು ವಿವರಿಸುವ ಪೈಕಿಯವರು, ಮೋಪನ್ನು ಕುರಿತು ಹೇಳಿದ ಒಂದು ಮಾತನ್ನು ಮನೆಕಟ್ಟುವ ಎಲ್ಲರಿಗೂ ನಾನು ಇಂದಿಗೂ ಒಪ್ಪಿಸುತ್ತೇನೆ: ಮರದಲ್ಲಿ ನೀರಿನ ಅಂಶ ನೂರಕ್ಕೆ ಇಪ್ಪತ್ತರ ಕೆಳಗಿರುವ ತನಕ ಯಾವ ಶಿಲೀಂಧ್ರವೂ ಅದನ್ನು ಕೊಳೆಯಿಸಲಾರದು. ನಮ್ಮ ಮನೆಯ ಹಲಸಿನ ಬಾಗಿಲುವಾಡ ಎಪ್ಪತ್ತು ವರ್ಷವಾದರೂ ಗಟ್ಟಿಯಾಗಿದ್ದು ಹೊಸ್ತಿಲ ಮೂಲೆಯೊಂದು ಮಾತ್ರ ಲಡ್ಡಾಗಿದ್ದುದಕ್ಕೆ, ದಿನವೂ ಹೊಸ್ತಿಲು ತೊಳೆದ ನೀರು ಆ ಮೂಲೆಯಲ್ಲಿ ನಿಲ್ಲುತ್ತಿದ್ದುದೇ ಕಾರಣವೆಂದು ಆಗ ತಿಳಿಯಿತು. ತಾಯಿಯವರಿಗೆ ಹೇಳಿದೆನು. "ಹೊಸ್ತಿಲು ತೊಳೀಬೇಡ ಅಂತೀಯಾ?" ಎಂದರು. ಸಂಶೋಧನೆ ಅಲ್ಲಿಗೆ ನಿಂತಿತು.

1964ರ ಆಗಸ್ಟಿನಲ್ಲಿ ಆಗುಂಬೆಗೆ ಹೋಗಿ ಒಂದು ವಾರ ನೆನೆದು ಬಂದೆನು. ಎಪ್ಪತ್ತೆರಡು ಮಾದರಿಗಳು ಸಿಕ್ಕಿದವು. ಒಂದು ರಾತ್ರಿ ಕಾಡಿನ ಅಂಚಿನಲ್ಲಿ ಕೊಳೆತ ಕಡ್ಡಿಗಳು ತಣ್ಣನೆಯ ಹಸುರು ಬೆಳಕಿನಿಂದ ಹೊಳೆಯುವುದನ್ನೂ ಕಂಡೆನು. ಆದರೆ ಅಲ್ಲಿ ಬಿಸಿಲೂ ಇಲ್ಲ, ಹಂಡೆಯ ಒಲೆಯೂ ಇಲ್ಲ. ಅರೆಬರೆ ಒಣಗಿದವನ್ನು ತಗಡಿನ ಡಬ್ಬಿಯಲ್ಲಿ ತುಂಬಿ, ನ್ಯಾಫ್ತಲೀನ್ ಉಂಡೆಗಳನ್ನು ನಾಳೆ ಹಾಕಿದರಾಯಿತೆಂದು ಬಿಟ್ಟು, ಆ ನಾಳೆಯನ್ನು ಮರೆತೆನು. ದೀಪಾವಳಿಯ ಹೊತ್ತಿಗೆ ಡಬ್ಬಿಯನ್ನು ತೆರೆದರೆ ಎಪ್ಪತ್ತೆರಡರಲ್ಲಿ ನಲವತ್ತು ಪೊಟ್ಟಣಗಳೊಳಗೆ ಸಾಸಿವೆಗಿಂತ ಸಣ್ಣ ದುಂಬಿಗಳೂ ಒಂದಿಷ್ಟು ಹಿಟ್ಟೂ ಉಳಿದಿದ್ದವು. ಚೀಟಿಗಳನ್ನು ಅವು ತಿಂದಿರಲಿಲ್ಲ. ಶಿಲೀಂಧ್ರವಿಲ್ಲದ ನಲವತ್ತು ಚೀಟಿಗಳು, ಊರು, ಮರ, ದಿನಾಂಕಗಳ ಸಮೇತ, ಯಜಮಾನರಿಲ್ಲದ ಮನೆಗಳ ಬೀಗದಕೈಯಂತೆ ನನ್ನ ಮೇಜಿನ ಮೇಲೆ ಬಿದ್ದಿದ್ದವು.

ಇನ್ನು ಹೇಳಬೇಕಾಗಿರುವುದು 143ನೆಯ ಪೊಟ್ಟಣದ ಸಂಗತಿ. ನಮ್ಮ ರಸ್ತೆ ಮುಖ್ಯರಸ್ತೆಯನ್ನು ಕೂಡುವ ಮೂಲೆಯಲ್ಲಿ ದೊಡ್ಡದೊಂದು ಗುಲ್‌ಮೊಹರ್ ಮರವಿದ್ದಿತು. ಅದರ ನೆರಳಿನಲ್ಲಿ ಇಸ್ತ್ರಿಯವನೊಬ್ಬನು ನಾಲ್ಕು ಚಕ್ರದ ಗಾಡಿಯನ್ನು ನಿಲ್ಲಿಸಿಕೊಂಡು, ಇದ್ದಿಲು ತುಂಬಿದ ಹಿತ್ತಾಳೆಯ ಪೆಟ್ಟಿಗೆಯಿಂದ ಇಡೀ ಬೀದಿಯ ಅಂಗಿಗಳನ್ನು ನೇರ್ಪುಮಾಡುತ್ತಿದ್ದನು. 1964ರ ಜುಲೈಯಲ್ಲಿ ಆ ಮರದ ಬುಡದಲ್ಲಿ, ನೆಲಕ್ಕೆ ಗೇಣು ಮೇಲೆ, ಅರಗಿನ ಮೆರುಗಿನ ಕೆಂಗಂದು ಬಿಲ್ಲೆಗಳು ಮೂರು ಮೂಡಿದವು. ಗ್ಯಾನೋಡರ್ಮ. ಅಂಚು ಬೆಣ್ಣೆಯ ಬಿಳುಪು, ಅದರಿಂದೀಚೆಗೆ ಅರಿಸಿನ, ಬಳಿಕ ಕುಂಕುಮ, ಬುಡಕ್ಕೆ ಬಂದಂತೆ ಹಳೆಯ ಬೀಟೆಯ ಮೇಜಿನ ಬಣ್ಣ. ಅಷ್ಟು ಚೆಲುವಾದ ಮಾದರಿ ನನಗೆ ಅದುವರೆಗೆ ದೊರೆತಿರಲಿಲ್ಲ. ಒಂದನ್ನು ಕತ್ತರಿಸಿ 143ನೆಯ ಸಂಖ್ಯೆ ಕೊಟ್ಟೆನು. ಉಳಿದೆರಡರ ಬೆಳವಣಿಗೆಯನ್ನು ವಾರವಾರ ಅಳೆಯಬೇಕೆಂಬ ಆಸೆಯಿಂದ ಬಿಟ್ಟು, ಶಾಲೆಯ ಹುಡುಗರು ಒದ್ದು ಕೆಡಹದಂತೆ ನೋಡಿಕೊಳ್ಳಬೇಕೆಂದು ಇಸ್ತ್ರಿಯವನಿಗೇ ಹೇಳಿದೆನು. ಅವನು ತಪ್ಪದೆ ನೋಡಿಕೊಂಡನು. ಬಿಲ್ಲೆಗಳ ಸುತ್ತ ಇಟ್ಟಿಗೆಯ ತುಂಡುಗಳನ್ನಿಟ್ಟು ಒಂದು ಕಟ್ಟೆಯನ್ನೇ ಮಾಡಿದನು. ಮರುವರ್ಷ ಮೂರಕ್ಕೆ ಬದಲಾಗಿ ಏಳು ಮೂಡಿದವು, ಮರದ ಇನ್ನೊಂದು ಮಗ್ಗುಲಲ್ಲೂ. ನಾನು ಹಿಗ್ಗಿದೆನು. "ನಿಮ್ಮ ಬೆಳೆ ಚೆನ್ನಾಗೈತೆ ಸ್ವಾಮಿ" ಎಂದು ಅವನೂ ನಕ್ಕನು.

ಬುಡದ ಎರಡು ಮಗ್ಗುಲಲ್ಲಿಯೂ ಗ್ಯಾನೋಡರ್ಮ ಮೂಡಿದ ಮರದ ಬೇರು ಏನಾಗಿರುತ್ತದೆಂಬುದನ್ನು ನಾನು ಆ ವೇಳೆಗೆ ಓದಿ ತಿಳಿದಿದ್ದೆನು. ಹೊರಗೆ ಕಾಣುವುದು ಹಣ್ಣು. ಅದನ್ನು ಬಿಡುವ ಜೀವಿ ವರ್ಷಗಳಿಂದ ಒಳಗಿದ್ದು, ಬೇರನ್ನೂ ಕಾಂಡದ ಬುಡವನ್ನೂ ಕುಂಬಾಗಿಸಿದ ಮೇಲೆಯೇ ಹೊರಗೆ ಬರುವುದು. ಅದು ನನ್ನ ಚೀಟಿಯಲ್ಲಿಯೂ ಇದ್ದಿತು: 'ಜೀವಂತ ಮರ, ಬುಡ, ಬಿಳಿ ಕೊಳೆ'. ಬರೆದದ್ದನ್ನು ನಾನು ಮಾದರಿಯ ವಿಷಯವಾಗಿ ಬರೆದಿದ್ದೆನೇ ಹೊರತು ಮರದ ವಿಷಯವಾಗಿ ಅಲ್ಲ. ಅದರ ಕೆಳಗೆ ದಿನಕ್ಕೆ ಹತ್ತು ಗಂಟೆ ನಿಲ್ಲುವವನ ವಿಷಯವಾಗಿ ಅಲ್ಲವೇ ಅಲ್ಲ.

1966ರ ಮೇ ತಿಂಗಳಲ್ಲಿ, ಮರವು ನೆತ್ತಿಯಿಂದ ಕೊನೆಯ ರೆಂಬೆಯವರೆಗೆ ಹೂವಾಗಿ ನಿಂತಿದ್ದಾಗ, ಸಂಜೆ ಐದರ ಹೊತ್ತಿಗೆ ಗಾಳಿ ಎದ್ದಿತು. ಮಳೆ ಇನ್ನೂ ಹತ್ತು ಹನಿ ಬಿದ್ದಿರಲಿಲ್ಲ. ಸದ್ದು ಕೇಳಿ ಓಡಿಹೋಗಿ ನೋಡಿದರೆ, ರಸ್ತೆಗೆ ಅಡ್ಡಲಾಗಿ ಕೆಂಪು ಹೂವಿನ ಗುಡ್ಡೆ, ಅದರಡಿಯಲ್ಲಿ ಚಪ್ಪಟೆಯಾದ ಗಾಡಿ, ಮಣ್ಣಿನಲ್ಲಿ ಹರಡಿದ ಬಿಳಿಯ ಅಂಗಿಗಳು, ಅವುಗಳ ನಡುವೆ ನಮ್ಮ ತಂದೆಯವರ ಕಚೇರಿಯ ಕೋಟು. ಬೇರುಗಳು ಕಿತ್ತು ಬಂದಿರಲಿಲ್ಲ. ಬೆರಳಿನಿಂದ ಮುರಿದ ಮೂಲಂಗಿಯಂತೆ ನೆಲಮಟ್ಟಕ್ಕೆ ಮುರಿದಿದ್ದವು. ಮುರಿದ ಮೈ ಬೆಳ್ಳಗೆ, ನಾರಾಗಿ, ಹಿಂಡಿದರೆ ನೀರು ಒಸರುವಂತೆ ಇದ್ದಿತು. ಇಸ್ತ್ರಿಯವನು ಎರಡು ಮನೆಗಳಾಚೆ ಬಟ್ಟೆ ಕೊಡಲು ಹೋಗಿದ್ದನು. ಬಂದು ನಿಂತು ನೋಡಿ, ನನ್ನ ಕಡೆಗೆ ತಿರುಗಿ, "ನಿಮ್ಮ ಅಣಬೆ ಹೋಯ್ತಲ್ಲ ಸ್ವಾಮಿ" ಎಂದನು. ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬೀದಿಯವರು ಚಂದಾ ಎತ್ತಿ ಸ್ವಲ್ಪ ಹಣ ಕೊಟ್ಟರು. ನಾನೂ ಕೊಟ್ಟೆನು. ಅವನು ಆ ಮೂಲೆಗೆ ಮತ್ತೆ ಬರಲಿಲ್ಲ.

ಆಮೇಲೆಯೂ ಬಹುಕಾಲ ಸಂಗ್ರಹಿಸಿದೆನು. ಒಟ್ಟು 317 ಪೊಟ್ಟಣಗಳಾದವು. ಡಿಪೋ ಮುಚ್ಚಿತು, ಅಡಿಗೆ ಗ್ಯಾಸಿಗೆ ತಿರುಗಿತು, ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಂತ್ರಿ ಮಾಲ್ ತೆರೆಯಿತು. ಮೂರು ವರ್ಷದ ಹಿಂದೆ, ವಯಸ್ಸು ಎಂಬತ್ತು ದಾಟಿದ ಮೇಲೆ, ಪೊಟ್ಟಣಗಳನ್ನೆಲ್ಲ ಒಂದು ಹರ್ಬೇರಿಯಮ್ಮಿಗೆ ಒಪ್ಪಿಸಿದೆನು. ಅಲ್ಲಿಯ ಕ್ಯೂರೇಟರ್ ಹೆಣ್ಣುಮಗಳು, ಮಾದರಿಗಿಂತ ಮೊದಲು ಚೀಟಿಯನ್ನೇ ಓದುವ ಪದ್ಧತಿಯವರು, ನನ್ನ ಎದುರಿಗೇ ಕುಳಿತು ಒಂದೊಂದನ್ನೂ ಬಿಚ್ಚಿದರು. ಶಾಯಿಯಲ್ಲಿ ಬರೆದ ಚೀಟಿಗಳಲ್ಲಿ ಅರ್ಧಕ್ಕರ್ಧ, ಮಾಳಿಗೆ ಸೋರಿದ ಒಂದು ಮಳೆಗಾಲದಲ್ಲಿ ನೆನೆದು, ನೀಲಿಯ ಮೋಡವಾಗಿದ್ದವು. ನಾನು ಕೊಟ್ಟಿದ್ದ ಹೆಸರುಗಳಲ್ಲಿ ಎಷ್ಟೋ ಈಗ ಸಲ್ಲುವುದಿಲ್ಲವಂತೆ. 143ಕ್ಕೆ ನಾನು ಬರೆದಿದ್ದ 'ಲೂಸಿಡಮ್' ಎಂಬುದು ಬೇರೆ ದೇಶದ ಜಾತಿಯೆಂದೂ ನಮ್ಮದು ಅದಲ್ಲವೆಂದೂ ಹೇಳಿದರು. ಹರ್ಬೇರಿಯಮ್ಮಿನ ಸಂಪ್ರದಾಯದಂತೆ ಹಳೆಯ ಚೀಟಿಯನ್ನು ಕೀಳುವುದಿಲ್ಲ. ಅದರ ಮಗ್ಗುಲಲ್ಲಿ ಹೊಸ ಹೆಸರಿನ ಇನ್ನೊಂದು ಚೀಟಿಯನ್ನು, ಬರೆದವರ ರುಜು ಮತ್ತು ದಿನಾಂಕಗಳೊಡನೆ ಅಂಟಿಸುತ್ತಾರೆ. "ಹೆಸರು ನಾವು ತಿದ್ಕೋತೀವಿ ಸರ್, ಜಾಗ ತಿದ್ದೋಕಾಗಲ್ಲ" ಎಂದರು. ಶೇಷಾದ್ರಿಪುರವೆಂದು ಬರೆದ ಅರುವತ್ತೊಂದು ಪೊಟ್ಟಣಗಳನ್ನು ಬೇರೆಯಾಗಿ ಇಟ್ಟು, "ಈ ಮರಗಳು ಈಗ ಇವೆಯಾ?" ಎಂದು ಕೇಳಿದರು. ಮುಂದಿನ ವಾರ ಊರುಗೋಲು ಹಿಡಿದು, ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ಬೀದಿಬೀದಿ ಸುತ್ತಿ ನೋಡಿದೆನು. ಎರಡು ಇವೆ: ಒಂದು ಮಳೆಮರ, ಒಂದು ಮಾವು.

ಒಪ್ಪಿಸುವ ಮುನ್ನ 143ರ ಚೀಟಿಯ ಕೆಳಗೆ, ಅವರ ಅನುಮತಿ ಪಡೆದು, ಒಂದು ಸಾಲನ್ನು ಸೇರಿಸಿದೆನು: 'ಈ ಮರ 1966ರ ಮೇ ತಿಂಗಳಲ್ಲಿ ಬಿದ್ದಿತು, ಬುಡ ಕೊಳೆತಿರುವುದು ಸಂಗ್ರಾಹಕನಿಗೆ ಎರಡು ವರ್ಷ ಮೊದಲೇ ತಿಳಿದಿತ್ತು.'

ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಬೀದಿಯ ಮರದ ಬುಡದಲ್ಲಿ ಅರಗಿನ ಮೆರುಗಿನ ಕೆಂಗಂದು ಬಿಲ್ಲೆ ಮೂಡಿದ್ದನ್ನು ಕಂಡರೆ, ಮೊದಲು ಆ ಮರದ ಕೆಳಗೆ ಅಂಗಡಿ ಇಟ್ಟುಕೊಂಡವರಿಗೆ ತಿಳಿಸಿರಿ, ಆಮೇಲೆ ನಗರಪಾಲಿಕೆಯ ಅರಣ್ಯ ವಿಭಾಗಕ್ಕೆ ಬರೆಯಿರಿ. ಕಿತ್ತು ಒಣಗಿಸುವುದು ಅದಾದ ಮೇಲೆ. ಚೀಟಿಯನ್ನು ಪೊಟ್ಟಣದ ಒಳಗೇ ಇಡಿರಿ, ಪೆನ್ಸಿಲಿನಲ್ಲಿ ಬರೆಯಿರಿ.